ಕಾಕುವಿನ ಬಾಯಿಗೆ ಬಾರದ ಕೆರೆ

ಬಸವನ ಬಾಗೇವಾಡಿಯಿಂದ ಹೆಣ್ಮಕ್ಕಳ ಗುಂಪು ಕಟ್ಟಿಕೊಂಡು ಹೊರಬಿದ್ದರೆ ಏನಾದರೊಂದು ಆಗಿಯೇ ತೀರುತ್ತದೆ. ಏನೂ ಆಗಿಲ್ಲವೆಂದರೆ ನಾವಿನ್ನೂ ಬಸ್‌ಸ್ಟ್ಯಾಂಡಿನಲ್ಲೇ ಕುಳಿತಿದ್ದೇವೆ ಎಂದು ತಿಳಿಯಬೇಕು.

ನನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನೌಕರಿಯಲ್ಲಿದ್ದಾಗ ನೌಕರಿಯ ನೆಪದಲ್ಲಿ ಸುತ್ತಿದೆ, ಬಿಟ್ಟ ಮೇಲೆ ನೆಪವಿಲ್ಲದೆ ಸುತ್ತಿದೆ. ಕೈರೋದ ಬಜಾರದಲ್ಲಿ ಚೌಕಾಶಿ ಮಾಡಿ ಗೆದ್ದಿದ್ದೇನೆ, ನಾರ್ವೆಯ ಚಳಿಯಲ್ಲಿ ಅತ್ತಿದ್ದೇನೆ, ಹನೋಯ್‌ನಲ್ಲಿ ರಸ್ತೆ ದಾಟಲಾಗದೆ ಬಂದ ಕಡೆಗೇ ವಾಪಸ್ಸು ಹೋಗಿದ್ದೇನೆ. ಒಬ್ಬಳೇ ನೋಡಿ, ಒಬ್ಬಳೇ ಬೆರಗಾಗಿ, ಒಬ್ಬಳೇ ಊಟ ಮಾಡಿ ಸಾಕಾದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಹೆಣ್ಮಕ್ಕಳನ್ನು ವರ್ಷಕ್ಕೊಮ್ಮೆ ಎಲ್ಲಿಗಾದರೂ ಕರೆದೊಯ್ಯುವುದಕ್ಕೆ ಶುರು ಮಾಡಿದೆ. ನಿಯಮ ಒಂದೇ: ಗಂಡಂದಿರು ಸ್ಟೇಶನ್ನಿನ ತನಕ ಬರಬಹುದು, ರೈಲು ಹತ್ತುವಂತಿಲ್ಲ.

ಈ ನಿಯಮ ಮುರಿದದ್ದು ಒಂದೇ ಸಲ. ಅದೂ ಒಂದು ಕೆರೆಯ ಹೆಸರಿನಿಂದಾಗಿ.

೧. ಎಮ್ಮೆ ಇಲ್ಲದ ಕೆರೆ

ಮುದ್ದೇಬಿಹಾಳದಲ್ಲಿ ಒಂದು ಅರಿವೆ ಅಂಗಡಿ. ಅದರ ಮಾಲಕರನ್ನು ಊರೆಲ್ಲ ಕಾಕಾ ಎನ್ನುತ್ತದೆ, ಅವರ ಹೆಂಡತಿಯನ್ನು ಕಾಕು. ಕಾಕಾ ದುಡ್ಡಿನ ಪೆಟ್ಟಿಗೆಯಿರುವ ಗಲ್ಲೆಯ ಮೇಲೆ ಕೂತು ಮಾತು ಮಾರುತ್ತಾರೆ, ಕಾಕು ಒಳಗೆ ನಿಂತು ಸೀರೆ ಮಾರುತ್ತಾರೆ. ಅಂಗಡಿ ನಡೆದಿರುವುದು ಸೀರೆಯಿಂದ.

ಆ ವರ್ಷದ ಪ್ರವಾಸದ ಸುದ್ದಿ ಹೇಳಲು ನಾನು ಅಲ್ಲಿಗೆ ಹೋದೆ.

"ಈ ಸಲ ಯಾವ ದೇವರು?" ಕಾಕಾ ಕೇಳಿದರು.

"ದೇವರಲ್ಲ ಕಾಕಾ. ಹಿಮಾಚಲಕ್ಕ. ಗುಡ್ಡದ ಮ್ಯಾಲೊಂದು ಕೆರಿ ಐತಿ."

"ಕೆರಿ?" ಕಾಕಾ ಎದುರಿನ ಪಾತ್ರೆ ಭಾಂಡೆ ಅಂಗಡಿಯವನನ್ನು ಕೂಗಿ ಕರೆದರು. "ಏ, ಬಾರೋ ಇಲ್ಲಿ! ಕೆರಿ ನೋಡಾಕ ಹಿಮಾಲಯಕ್ಕ ಹೊಂಟಾರಂತ. ನಮ್ಮ ಕೆರಿ ಏನ್ ಪಾಪ ಮಾಡಿದ್ವು? ಒಣಗಿ ಬಾಯಿಬಿಟ್ಟಿದ್ದಾಗ ಹೋಗಿದ್ರ ಅದೊಂದು ಮಾತು. ಈಗ ಕಾಲುವಿ ನೀರು ಬಂದು ದಂಡಿ ಮಟಾ ತುಂಬ್ಯಾವ!"

"ಇದು ಬ್ಯಾರೆ ಥರದ್ದು, ಕಾಕಾ."

"ಏನ್ ಬ್ಯಾರೆ? ಅದರಾಗ ಎಮ್ಮಿ ಮೈ ತೊಳೀತಾರೇನು?"

"ಇಲ್ಲ."

"ಅರಿವಿ ಒಗೀತಾರೇನು?"

"ಇಲ್ಲ."

"ಯಾರದಾದರೂ ಹೊಲಕ್ಕ ನೀರು ಹೋಗ್ತದೇನು?"

"ಇಲ್ಲ ಕಾಕಾ."

"ಹಂಗಾರ ಅದು ಕೆರಿ ಹೆಂಗಾತು? ಕ್ಯಾಲೆಂಡರಿನ ಚಿತ್ರ ಆತು. ಇರ್ಲಿ, ಹೆಸರೇನದರದು?"

"ಚಂದ್ರತಾಲ್."

ಒಳಗೆ ಸೀರೆ ಮಡಚುತ್ತಿದ್ದ ಕಾಕುವಿನ ಕೈ ಗಕ್ಕನೆ ನಿಂತಿತು. ಭಾಂಡೆ ಅಂಗಡಿಯವನು ಬಾಯಿಗೆ ಟವೆಲ್ಲು ಒತ್ತಿಕೊಂಡ. ಸೀರೆ ಕೊಳ್ಳಲು ಬಂದಿದ್ದ ತಂಗಡಗಿಯ ತಾಯಿ ಮಗಳು ಗೋಡೆಯ ಕಡೆ ತಿರುಗಿ ನಗತೊಡಗಿದರು.

ಕಾರಣ ಹೇಳುತ್ತೇನೆ. ಕಾಕಾನ ಹೆಸರು ಶುರುವಾಗುವುದೇ ಚಂದ್ರನಿಂದ. ನಮ್ಮ ಕಡೆಯ ಹಳೆಯ ಹೆಣ್ಮಕ್ಕಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಎಂದು ನಂಬಿಕೆ. ಕಾಕು ಇದನ್ನು ಒಂದು ಕೈ ಹೆಚ್ಚೇ ಪಾಲಿಸುತ್ತಾರೆ. ದವಾಖಾನೆಯಲ್ಲಿ ಗಂಡನ ಹೆಸರು ಕೇಳಿದರೆ ಆಕಾಶಕ್ಕೆ ಬೆರಳು ಮಾಡುತ್ತಾರೆ. ಹಗಲಾಗಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಹುಡುಕಿ ತೋರಿಸುತ್ತಾರೆ. ಆಕಾಶದಲ್ಲಿರುವ ಆ ಇನ್ನೊಬ್ಬರಿಗೂ ಅವರ ಬಾಯಲ್ಲಿ ಹೆಸರಿಲ್ಲ, ಬರೀ "ಅವರು". ಸಂಕಷ್ಟಿಯ ಉಪವಾಸದ ದಿನ ಅಂಗಳದಲ್ಲಿ ನಿಂತು, "ಅವರು ಬಂದ್ರೇನು?" ಎಂದು ಕೇಳುತ್ತಾರೆ. ಓಣಿಯವರು, "ಯಾರು ಕಾಕು, ಮ್ಯಾಲಿನವರೋ ಅಂಗಡಿಯವರೋ?" ಅಂತ ವಾಪಸ್ಸು ಕೇಳುತ್ತಾರೆ.

ಕಾಕು ಅದಕ್ಕೂ ತಯಾರು. "ಯಾರ ಮೊದಲ ಬಂದ್ರೂ ನನಗ ಊಟ ಸಿಗ್ತದ. ಆದ್ರ ಮ್ಯಾಲಿನವರು ಟೈಮಿಗೆ ಬರ್ತಾರ."

೨. ಪಂಥ

"ತಂಗಿ," ಸೀರೆಯ ರಾಶಿಯ ಹಿಂದಿನಿಂದ ಕಾಕು ನನ್ನನ್ನು ಕರೆದರು. "ಈ ಸಲ ನಾನೂ ಬರ್ತೇನಿ."

ಕಾಕು ಎಂದೂ ನಮ್ಮ ಜೊತೆ ಪ್ರವಾಸಕ್ಕೆ ಬಂದವರಲ್ಲ. ಮುಂದಿನ ವರ್ಷ, ಮಗಳ ಬಾಣಂತನ ಮುಗಿಯಲಿ, ದೀಪಾವಳಿಯ ಮಾಲು ಬರಲಿ ಎಂದು ಪ್ರತಿ ವರ್ಷವೂ ನನ್ನನ್ನು ಬಸ್ ಹತ್ತಿಸಿ, ಉಪ್ಪಿನಕಾಯಿ ಕಟ್ಟಿಕೊಟ್ಟು ಹಿಂದಕ್ಕೆ ಹೋಗುತ್ತಿದ್ದರು.

ಕಾಕಾ ಜೋರಾಗಿ ನಕ್ಕರು. "ನೀನು? ಸೊಲ್ಲಾಪುರಕ್ಕ ಮದುವಿಗೆ ಹೋದಾಕಿ ಅಕ್ಷತಾ ಬೀಳೂ ಮೊದಲ 'ಮನೀಗಿ ಹೋಗೂಣ ನಡೀರಿ' ಅಂತ ಅತ್ತಾಕಿ ನೀನು!"

"ಅಲ್ಲಿ ಸೆಕಿ ಭಾಳ ಇತ್ತು. ಇಲ್ಲಿ ಬರ್ಫ್ ಐತಂತ."

ಕಾಕಾ ಗಲ್ಲೆಯ ಮೇಲೆ ಬೆರಳು ಬಾರಿಸಿದರು. ಬಜಾರಿನ ಮನುಷ್ಯ, ಅಡ್ಡ ಹೋಗದೆ ಹಿಡಿಯುವುದು ಹೇಗೆಂದು ಗೊತ್ತು.

"ಆತು, ಹೋಗು. ನಾ ಬ್ಯಾಡ ಅನ್ನೂದಿಲ್ಲ. ಒಂದ ಕರಾರು. ಆ ಕೆರಿ ದಂಡ್ಯಾಗ ನಿಂತು, ಅದರ ಹೆಸರು ಬಾಯಿಬಿಟ್ಟು ಹೇಳಿ ವಿಡಿಯೋ ಕಳಸಬೇಕು. ಕಳಿಸಿದಿ ಅಂದ್ರ ವರ್ಷಾ ವರ್ಷಾ ಹೋಗು, ನಾನ ಸ್ಟೇಶನ್ನಿಗೆ ಬಂದು ಬಿಡ್ತೇನಿ. ಕಳಸಲಿಲ್ಲ ಅಂದ್ರ ಇದ ಕಡೀ ಟೂರು. ಮುಂದ ಕೇಳಬಾರದು."

ಭಾಂಡೆ ಅಂಗಡಿಯವನು ತಾನಾಗಿಯೇ ಸಾಕ್ಷಿಯಾದ. ತಂಗಡಗಿಯ ತಾಯಿ, "ಇದು ಮೋಸ ಐತಿ ಕಾಕಾ" ಎಂದಳು. ಕಾಕಾ ಮೀಸೆಯಲ್ಲೇ ನಕ್ಕರು.

ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಆತ್ರಿ. ಹೇಳಿ ಕಳಸ್ತೇನಿ."

ಬಜಾರವೇ ಶಬ್ಬಾಸ್ ಎಂದಿತು. ನನ್ನ ಕಣ್ಣಿನಲ್ಲಿ ನೀರೇ ಬಂತು. ಆಗ ಕಾಕು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು, ಕಿವಿಯಲ್ಲಿ ಕೇಳಿದರು:

"ತಂಗಿ, ಅಲ್ಲಿ ಬ್ಯಾರೆ ಹೆಸರಿನ ಕೆರಿ ಯಾವುದೂ ಇಲ್ಲೇನು?"

೩. ರೈಲಿನಲ್ಲಿ ಇಂಗ್ಲಿಷು

ನಮ್ಮ ಗುಂಪಿನಲ್ಲಿ ಸಿಂದಗಿಯ ಒಬ್ಬ ಅಕ್ಕೋರು ಇದ್ದರು. ನಮ್ಮಲ್ಲಿ ಸಾಲಿಯಲ್ಲಿ ಕಲಿಸುವ ಹೆಣ್ಮಗಳಿಗೆ ಅಕ್ಕೋರು ಎನ್ನುತ್ತಾರೆ. ಇವರು ಭೂಗೋಳದ ಅಕ್ಕೋರು. ತಲೆಮಾರುಗಳಿಂದ ಸಿಂದಗಿಯಲ್ಲೇ ಇರುವ ಮುಸಲ್ಮಾನರ ಮನೆತನ. ಉರ್ದುವಿನಲ್ಲಿ ಬೈಯುತ್ತಾರೆ, ಕನ್ನಡದಲ್ಲಿ ಕಲಿಸುತ್ತಾರೆ, ಇಂಗ್ಲಿಷಿನಲ್ಲಿ ಸಹಿ ಮಾಡುತ್ತಾರೆ. ರೈಲು ಭೀಮಾ ನದಿ ದಾಟುವ ಹೊತ್ತಿಗೆ ಕಾಕುವಿನ ಪಂಥದ ಕಥೆ ಡಬ್ಬಿಗೆಲ್ಲ ಗೊತ್ತಾಗಿ, ಅಕ್ಕೋರು ಪಾಠ ಶುರು ಮಾಡಿದ್ದರು.

"ಕಾಕು, ಮೊದಲ ಅರ್ಥ ತಿಳ್ಕೋರಿ. ತಾಲ್ ಅಂದ್ರ ಆ ಕಡೆ ಮಾತಿನಾಗ ಕೆರಿ. ಬಗ್ಗಿಸಿದ ಬಿಲ್ಲಿನಂಗ, ಅಂದ್ರ... ಅವರಂಗ ಬಾಗೇದಂತ. ಅದಕ್ಕ ಆ ಹೆಸರು. ಇಂಗ್ಲಿಷಿನವರು ಅದನ್ನ ಬರಿಯೂ ಮುಂದ ಚಂದ್ರತಾಲ್ ಲೇಕ್ ಅಂತ ಬರೀತಾರ."

"ಲೇಕ್ ಅಂದ್ರ?"

"ಲೇಕ್ ಅಂದ್ರೂ ಕೆರಿ."

"ಅಂದ್ರ ಕೆರಿ ಕೆರಿ ಅಂತ ಎರಡ ಸಲ ಬರದಾರೇನು?"

"ಹೌದ್ರಿ. ನಾವು ಗೇಟ್ ಬಾಗಲಾ ಹಾಕು ಅನ್ನೂದಿಲ್ಲೇನು? ಹಂಗ. ತಾಲ್ ಅಂದ್ರ ಏನಂತ ಅವರಿಗೆ ತಿಳೀಲಿಲ್ಲ, ತಮ್ಮದೊಂದು ಕೆರಿ ತಂದು ಅಂಟಿಸಿದ್ರು."

ಕಾಕು ನ್ಯಾಯವಾದ ಪ್ರಶ್ನೆ ಕೇಳಿದರು: "ಕೆರಿ ಎರಡ ಸಲ ಬಂದೈತಿ, ಆ ಹೆಸರು ಒಂದ ಸಲ. ಅದನ್ನ ತಗದು ಬರೇ ಕೆರಿ ಕೆರಿ ಅಂದ್ರ ನಡೀತದೇನು?"

ಇಂಡಿಯಿಂದ ಬಂದ ಒಬ್ಬಾಕೆ ನಮ್ಮ ಜೊತೆಗಿದ್ದಳು. ಲಿಂಬೆಯ ತೋಟದವಳು. ಪ್ರವಾಸಕ್ಕೆ ಬಟ್ಟೆಗಿಂತ ಹೆಚ್ಚು ಲಿಂಬೆಹಣ್ಣು ತಂದಿದ್ದಳು. ಆಕೆ ಮೇಲಿನ ಬರ್ತಿನಿಂದ ತಲೆ ಇಳಿಸಿದಳು. "ಅಕ್ಕೋರ, ಆ ಮುಂದಿನ ಅರ್ಧಕ್ಕೂ ಇಂಗ್ಲಿಷ್ ಮಾಡಿಬಿಡ್ರಿ."

"ಮೂನ್ ಲೇಕ್," ಎಂದರು ಅಕ್ಕೋರು.

"ಮೂನ್ ಲೇಕ್," ಎಂದರು ಕಾಕು. ಸಿಡಿಲು ಬೀಳಲಿಲ್ಲ, ರೈಲು ಹಳಿ ತಪ್ಪಲಿಲ್ಲ. "ಮೂನ್ ಲೇಕ್! ಮೂನ್ ಲೇಕ್!" ಚಹಾದವನಿಗೆ ಹೇಳಿದರು, ಟಿಕೆಟ್ ನೋಡುವವನಿಗೆ ಹೇಳಿದರು, ಎದುರಿಗೆ ಮಲಗಿದ್ದ ಕೂಸಿಗೂ ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿ, "ಎಷ್ಟ ಹಗುರ ಭಾಷಾ ಐತಿ ನೋಡ್ರಿ. ಇದರಾಗ ಗಂಡನ ಇಲ್ಲ!" ಎಂದರು.

ಆ ಸಂಭ್ರಮದಲ್ಲೇ ಕಾಕಾನಿಗೆ ಫೋನು ಹಚ್ಚಿದೆವು. "ಕಾಕಾ, ಇಂಗ್ಲಿಷಿನಾಗ ಹೇಳಿದ್ರ ನಡೀತದಲ್ಲ?"

"ನಡಿಯಂಗಿಲ್ಲ. ಅಲ್ಲಿ ಬೋರ್ಡಿನ ಮ್ಯಾಲ ಏನೈತಿ, ಅದನ್ನ ಹೇಳಬೇಕು."

ನಾನು ಎಷ್ಟೋ ದೇಶದ ಕೆರೆಗಳ ದಂಡೆಯಲ್ಲಿ ನಿಂತಿದ್ದೇನೆ. ನಾಲಿಗೆ ಹೊರಳದ ಹೆಸರುಗಳನ್ನು ಆ ಊರವರಿಂದ ಹೇಳಿಸಿಕೊಂಡು ಕಲಿತಿದ್ದೇನೆ. ಆದರೆ ನಾಲಿಗೆ ಚೆನ್ನಾಗಿ ಹೊರಳಿಯೂ ಹೇಳಲಾಗದ ಹೆಸರನ್ನು ಕಂಡದ್ದು ಇದೇ ಮೊದಲು.

ಕಾಕು ಮಾತ್ರ ಫೋನಿನ ಕಡೆ ನೋಡಿ, "ಮಂದಿಗೆ ಬೋರ್ಡು ಓದಾಕ ಬಂದಿದ್ರ ಅಂಗಡಿ ಮುಂದಿನ 'ಉದ್ರಿ ಕೇಳಬೇಡಿ' ಯಾಕ ಯಾರೂ ಓದೂದಿಲ್ಲ?" ಎಂದು ಮಲಗಿಬಿಟ್ಟರು.

೪. ಊರುಗಳ ಸಾಲು

ಮನಾಲಿಯ ಲಾಡ್ಜಿನ ಕೌಂಟರಿನಲ್ಲಿ ಒಬ್ಬ ತರುಣ ನಮ್ಮ ಹೆಸರು ಕೇಳಿದ. ನಮ್ಮ ಕಡೆ ಅಡ್ಡಹೆಸರೆಂದರೆ ಊರಿನ ಹೆಸರೇ. ಒಬ್ಬಳು ಯಂಕಂಚಿ, ಒಬ್ಬಳು ತಂಗಡಗಿ, ಇಬ್ಬರು ಬಾಗೇವಾಡಿ, ಮತ್ತೊಬ್ಬಳು ಸಿಂದಗಿ. ಈ ಸಿಂದಗಿಯಾಕೆ ಇರುವುದು ಇಂಡಿಯಲ್ಲಿ.

ತರುಣ ಮೊಬೈಲಿನ ನಕಾಶೆಯಲ್ಲಿ ಒಂದೊಂದೇ ಹುಡುಕಿ ನೋಡಿದ. ಎಲ್ಲವೂ ಊರುಗಳೇ. "ಮೇಡಂ, ಎಲ್ಲಿಂದ ಬಂದಿರಿ ಅಂತ ಕೇಳಲಿಲ್ಲ, ಯಾರು ಅಂತ ಕೇಳಿದೆ," ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದ.

ಅಕ್ಕೋರು ಅವನಿಗೆ ನಮ್ಮ ಪದ್ಧತಿ ವಿವರಿಸಿದರು. ಅವನು ಇನ್ನಷ್ಟು ಗಾಬರಿಯಾಗಿ ಅಕ್ಕೋರ ಕಡೆ ಬೆರಳು ಮಾಡಿದ. "ಅಂದರೆ ಸಿಂದಗಿಯವರು ಇಂಡಿಯವರು, ಇವರು ಸಿಂದಗಿಯವರು ಆದರೆ ಸಿಂದಗಿ ಅಲ್ಲ?"

"ಹೌದು."

ಲಿಂಬೆಯಾಕೆ ಅವನ ಕೈಗೊಂದು ಲಿಂಬೆಹಣ್ಣು ಇಟ್ಟು ಸಮಾಧಾನ ಮಾಡಿದಳು. "ತಲಿ ಕೆಡಿಸ್ಕೋಬ್ಯಾಡ ತಮ್ಮಾ. ನಮ್ಮಲ್ಲಿ ಊರು ಮನಷ್ಯಾಗ ಅಂಟಿರ್ತಾವ, ನಿಮ್ಮಲ್ಲಿ ನಮ್ಮ ಕಾಕಾ ಹೋಗಿ ಕೆರಿಗೆ ಅಂಟ್ಯಾರ."

೫. ಮೇಲೆ ಹೋಗುವವರು

ಮರುದಿನ ಎರಡು ಗಾಡಿಗಳಲ್ಲಿ ಹೊರಟೆವು. ರಸ್ತೆ ಎನ್ನುವುದು ಬರೀ ಮರ್ಯಾದೆಯ ಮಾತು. ಕಲ್ಲುಗಳ ನಡುವೆ ಡ್ರೈವರು ತನಗೆ ಇಷ್ಟವಾದ ಕಲ್ಲು ಆರಿಸಿಕೊಳ್ಳುತ್ತಿದ್ದ. ಮುಂದಿನ ಸೀಟು ಕಾಕುವಿನದು, ವಾಂತಿಯ ಭಯಕ್ಕೆ.

ದಾರಿಯಲ್ಲೊಂದು ಚೆಕ್‌ಪೋಸ್ಟು. ಡ್ರೈವರು ಕಾಗದ ತೋರಿಸಲು ಇಳಿದು ಹೋದ, ನಾನು ಚಹಾ ಹುಡುಕಿಕೊಂಡು ಹೋದೆ. ಆಗಲೇ ಪೊಲೀಸಿನವ ಗಾಡಿಯ ಕಿಟಕಿಯ ಹತ್ತಿರ ಬಂದು ಕಾಕುವನ್ನು ಕೇಳಿದ: "ಮಾತಾಜಿ, ಕಹಾಂ ಜಾನಾ ಹೈ?"

ಎಲ್ಲಿಗೆ ಹೋಗಬೇಕು ಎನ್ನುವಷ್ಟು ಹಿಂದಿ ಕಾಕುವಿಗೆ ಬರುತ್ತದೆ. ಗಾಬರಿಯಲ್ಲಿ ಇಂಗ್ಲಿಷು ಮಾತ್ರ ಮರೆತುಹೋಯಿತು. ಅಭ್ಯಾಸಬಲದಿಂದ ಬೆರಳೆತ್ತಿ ಆಕಾಶ ತೋರಿಸಿದರು.

ಪೊಲೀಸಿನವ ಮೇಲೆ ನೋಡಿದ. ಮಟಮಟ ಮಧ್ಯಾಹ್ನ, ನೀಲಿ ಆಕಾಶ, ಒಂದು ಹದ್ದು. "ಊಪರ್?"

ಕಾಕು ಹೌದೆಂದು ತಲೆಯಾಡಿಸಿದರು.

ಅಷ್ಟು ಎತ್ತರದಲ್ಲಿ, ಬಿಳುಚಿದ ಮುಖದ, ಉಸಿರು ಹಿಡಿದು ಕೂತ ಮುದುಕಿ ತಾನು ಮೇಲೆ ಹೋಗುತ್ತೇನೆ ಎಂದರೆ ಯಾರಾದರೂ ಏನು ತಿಳಿಯಬೇಕು? ನಾನು ಚಹಾ ಹಿಡಿದು ಬರುವಷ್ಟರಲ್ಲಿ ಕಾಕುವಿನ ಮೂಗಿಗೆ ಆಕ್ಸಿಜನ್ನಿನ ನಳಿಗೆ ಬಿದ್ದಿತ್ತು. ಇನ್ನೊಬ್ಬ ಪೊಲೀಸಿನವ ಅಂಗಾಲು ತಿಕ್ಕುತ್ತಿದ್ದ. ಕಾಕುವಿನ ಬೆರಳು ಇನ್ನೂ ಆಕಾಶದ ಕಡೆಗೇ ಇತ್ತು.

ಅಕ್ಕೋರು ಹಿಂದಿನ ಗಾಡಿಯಿಂದ ಓಡಿ ಬಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಗಂಡ, ಹೆಸರು, ಕೆರೆ, ಪಂಥ. ಪೊಲೀಸಿನವ ಸೊಂಟಕ್ಕೆ ಕೈಯಿಟ್ಟು ಕೇಳಿದ. ಅವನು ಬೈಯುತ್ತಾನೆಂದು ನಾವೆಲ್ಲ ಮುಖ ಸಣ್ಣದು ಮಾಡಿ ನಿಂತೆವು. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

"ನಮ್ಮಮ್ಮನೂ ಹಿಂಗೇ," ಎಂದ. "ನಮ್ಮಪ್ಪನನ್ನು ಇವತ್ತಿಗೂ ನನ್ನನ್ನು ತೋರಿಸಿ 'ಇವನಪ್ಪ' ಅಂತಾಳೆ. ನಾನು ಹುಟ್ಟೋ ಮೊದಲು ಏನಂತ ಕರೀತಿದ್ದಳೋ ಗೊತ್ತಿಲ್ಲ."

ಗಾಡಿ ಹೊರಟಾಗ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ: "ಜಾಯಿಯೇ ಮಾತಾಜಿ! 'ಉನ್‌ಕೀ' ಝೀಲ್ ಪರ್ ಜಾಯಿಯೇ!" ಹೋಗಿ ಬನ್ನಿ ತಾಯಿ, 'ಅವರ' ಕೆರೆಗೆ.

ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ನೋಡ್ರಿ, ಪೊಲೀಸಗ ಸೈತ ತಿಳೀತು. ನಮ್ಮ ಅಂಗಡಿಯವರಿಗೆ ತಿಳೀಲಿಲ್ಲ."

೬. ಬಾಗಿಲು ಹಿಡಿದದ್ದು

ಗಾಡಿ ನಿಲ್ಲುವ ಜಾಗದಿಂದ ಕೆರೆಗೆ ನಡೆಯಬೇಕು. ನಾಲ್ಕು ಹೆಜ್ಜೆಗೆ ಏದುಸಿರು. ಲಿಂಬೆಯಾಕೆ ಪ್ರತಿಯೊಬ್ಬರ ಕೈಗೂ ಅರ್ಧ ಅರ್ಧ ಲಿಂಬೆಹಣ್ಣು ಕೊಟ್ಟು ಮೂಸುತ್ತ ಬನ್ನಿ ಎಂದಿದ್ದಳು. ಮದುವೆಯ ದಿಬ್ಬಣ ವಾಸನೆ ಹಿಡಿದು ದಾರಿ ಹುಡುಕುವ ಹಾಗೆ ನಾವು ಸಾಗಿದೆವು. ಒಂದು ದಿಣ್ಣೆ ದಾಟಿದೆವು, ಕೆಳಗೆ ಕೆರೆ ಕಂಡಿತು.

ಹೇಳಲೇಬೇಕಾದ ಮಾತು: ನಮ್ಮ ಗುಂಪು ಸುಮ್ಮನಾದದ್ದು ಆ ಒಂದು ಸಲವೇ. ಬೋಳು ಗುಡ್ಡಗಳ ನಡುವೆ, ಒಂದು ಗಿಡದ ನೆರಳೂ ಇಲ್ಲದ ಕಡೆ, ಅಷ್ಟು ನೀರು. ಮೋಡ ಸರಿದರೆ ನೀಲಿ, ಮೋಡ ಬಂದರೆ ಹಸಿರು. ನಿಜಕ್ಕೂ ಬಾಗಿತ್ತು, ಬಿದಿಗೆಯ ಚಂದ್ರನ ಹಾಗೆ.

ಕಾಕು ಬಹಳ ಹೊತ್ತು ನೋಡಿದರು. "ಇಷ್ಟ ಚಂದ ಇದ್ದೂ ಒಂದ ಮಾತ ಆಡಾಂಗಿಲ್ಲ ನೋಡ್ರಿ," ಎಂದರು. "ನಮ್ಮವರಂಗ ಇಲ್ಲ."

ಬೋರ್ಡೂ ಇತ್ತು. ಇಂಗ್ಲಿಷಿನಲ್ಲಿ, ಅಕ್ಕೋರು ಹೇಳಿದ ಹಾಗೆಯೇ, ಕೆರೆ ಎರಡೆರಡು ಸಲ. ಕಾಕುವನ್ನು ಅದರ ಪಕ್ಕ ನಿಲ್ಲಿಸಿ ನಾನು ಮೊಬೈಲು ಹಿಡಿದೆ.

"ನಮಸ್ಕಾರ್ರಿ. ಇದು ನೋಡ್ರಿ... ಇದು ಅದ."

"ಕಾಕು, ಹೆಸರು!"

"ಇದು... ನಿಮ್ಮ ಕೆರಿ."

"ಬೋರ್ಡಿನ ಮ್ಯಾಲ ಇದ್ದಂಗ!"

ಮೂರನೆಯ ಸಲ ಬಾಯಿ ತೆರೆದರು, ಅರ್ಧದಷ್ಟು ಹೊರಗೆ ಬಂತು, ಕಣ್ಣಲ್ಲಿ ನೀರು ಬಂತು, ಹೆಸರು ಬರಲಿಲ್ಲ. ಅತ್ತ ಮೋಡ ಕವಿಯುತ್ತಿತ್ತು. ಡ್ರೈವರು ದಿಣ್ಣೆಯ ಮೇಲೆ ನಿಂತು ಕೈಬೀಸುತ್ತಿದ್ದ. ಕಾಕು ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

"ಬಿಡ್ರಿ. ನೋಡಿದ್ದಂತೂ ನೋಡೇನಿ. ಆಯುಷ್ಯದಾಗ ಒಂದ ಟೂರು ಸಾಕು." ಸೀರೆಯ ನಿರಿಗೆಯಲ್ಲಿ ಅಂಟಿದ್ದ ಧೂಳು ಜಾಡಿಸತೊಡಗಿದರು. ಅಂಗಡಿಯಲ್ಲಿ ಗಿರಾಕಿ ಕೊಳ್ಳದೆ ಎದ್ದುಹೋದಾಗ ಸೀರೆ ಮತ್ತೆ ಮಡಚಿ ಕಪಾಟಿಗೆ ಇಡುವ ಕೈ ಅದು. ನನಗೆ ನೋಡಲಾಗಲಿಲ್ಲ.

ಲಿಂಬೆಯಾಕೆ ಎದುರಿಗೆ ಬಂದು ನಿಂತಳು. "ಕಾಕು, ಮದುವ್ಯಾಗ ಹೆಂಗ ಹೇಳಿದ್ರಿ?"

"ಏನ್ ಹೇಳಿದೆ?"

"ಗಂಡನ ಮನಿ ಬಾಗಲದಾಗ ನಾದಿನಿಗೋಳು ಅಡ್ಡ ನಿಂತಿರ್ತಾರಲ್ಲ, ಹೆಸರು ಹೇಳಿದ್ರ ಒಳಗ ಬಿಡ್ತೇವಿ ಅಂತ. ಆವಾಗ?"

"ಆವಾಗ ಒಡಪು ಹಾಕಿ ಹೇಳೂದು. ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ."

ಮಾತು ಆಡಿದ ಮೇಲೆ ಕಾಕುವಿಗೇ ಅರ್ಥವಾಯಿತು. ಎದ್ದು ನಿಂತರು. ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸುತ್ತಿ ಹೇಳುವುದೇ ಒಡಪು. ನಮ್ಮಲ್ಲಿ ಮದುಮಗಳಿಗೆ ಆ ಒಂದು ಹೊತ್ತು ಮಾತ್ರ ಮಾಫಿ. ಆದರೆ ಕಾಕು ಕಾಯಿದೆ ಪಕ್ಕಾ ಇರುವ ಹೆಣ್ಮಗಳು. "ಹಂಗ ಸುಮ್ಮನ ಹಾಕಾಕ ಬರೂದಿಲ್ಲ. ಬಾಗಲಾ ಬೇಕು. ಯಾರಾದ್ರೂ ಅಡ್ಡ ನಿಂದ್ರಬೇಕು."

ಬಾಗಿಲು! ಕಣ್ಣು ಹಾಯುವಷ್ಟು ದೂರ ಒಂದು ಗೋಡೆಯೂ ಇಲ್ಲದ ಜಾಗ. ಅಕ್ಕೋರು ತಮ್ಮ ಶಾಲು ತೆಗೆದರು. ಒಂದು ತುದಿ ಅವರು, ಇನ್ನೊಂದು ತುದಿ ಲಿಂಬೆಯಾಕೆ ಹಿಡಿದು, ಕಾಕುವಿಗೂ ಕೆರೆಗೂ ನಡುವೆ ಬಿಗಿಯಾಗಿ ನಿಂತರು. ಹಿಂದೆ ಎರಡೂ ಗಾಡಿಯ ಹೆಣ್ಮಕ್ಕಳು ಸೊಂಟಕ್ಕೆ ಕೈಯಿಟ್ಟ ನಾದಿನಿಯರ ಸಾಲಾದರು.

"ಹೆಸರು ಹೇಳಿದ್ರ ಒಳಗ!" ಎಂದು ಕೂಗಿದರು ಭೂಗೋಳದ ಅಕ್ಕೋರು. ಗುಡ್ಡ ಅದನ್ನೇ ತಿರುಗಿ ಕೂಗಿತು.

ಕಾಕು ಸೆರಗು ತಲೆಯ ಮೇಲೆಳೆದು, ನೆಲ ನೋಡಿ, ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು:

"ಮುದ್ದೇಬಿಹಾಳದ ಬಿಸಲ ಬಿಟ್ಟೇನಿ, ಬರ್ಫಿನ ಗುಡ್ಡಾ ಏರೇನಿ,
ಬಜಾರದಾಗ ನಕ್ಕವರ ಮುಂದ ಮಾತ ಕೊಟ್ಟ ಬಂದೇನಿ,
ಚಂದ್ರಶೇಖರ ರಾಯರ ಹೇಣ್ತಿ ನಾ, ಚಂದ್ರತಾಲ ಕೆರಿ ದಂಡ್ಯಾಗ ನಿಂತೇನಿ!"

ಶಾಲು ಕೆಳಗೆ ಬಿತ್ತು. ಕಾಕು ದಾಟಿ ಹೋಗಿ ಕೆರೆಯ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾವು ಹಾಕಿದ ಕೇಕೆಗೆ ದಿಣ್ಣೆಯ ಮೇಲಿದ್ದ ಡ್ರೈವರು ಯಾರೋ ಬಿದ್ದರೆಂದು ಓಡಿ ಬಂದ.

ಅಲ್ಲಿ ನೆಟ್‌ವರ್ಕ್ ಇಲ್ಲ. ಮರುದಿನ ಕೆಳಗಿಳಿದ ಮೇಲೆ ವಿಡಿಯೋ ಹೋಯಿತು. ಸ್ವಲ್ಪ ಹೊತ್ತಿಗೆ ಕಾಕುವಿನ ಫೋನು ಬಡಿಯಿತು. ಸ್ಪೀಕರು ಹಾಕಿ ಎಂದು ನಾವೆಲ್ಲ ಸುತ್ತ ಕೂತೆವು. ಆ ಕಡೆ ಬಜಾರಿನ ಸದ್ದು ಕೇಳುತ್ತಿತ್ತು.

"ಹಲೋ? ಬಂತೇನ್ರೀ?"

"ಬಂತು," ಎಂದರು ಕಾಕಾ. "ಸೋತೆ. ವರ್ಷಾ ವರ್ಷಾ ಹೋಗು."

"ಹೂಂ ರೀ."

"ಇನ್ನೊಮ್ಮೆ ಅನ್ನು."

"ಏನನ್ಲಿ?"

"ಅದ. ಹೆಸರು."

ಕಾಕು ಫೋನನ್ನು ದೂರ ಹಿಡಿದು ಅದರ ಮುಖವನ್ನೊಮ್ಮೆ ನೋಡಿದರು. "ಫೋನಿನಾಗ ಹೆಂಗ ಅನ್ಲಿ? ಅಲ್ಲಿ ಬಾಗಲಾ ಯಾರ ಹಿಡದಾರ?"

೭. ಏ, ಇಕಿನ!

ಮರು ವರ್ಷವೂ ಅದೇ ಕೆರೆಗೆ ಹೊರಟೆವು. ಕಾಕಾ ಕೊಟ್ಟ ಮಾತಿನಂತೆ ಸ್ಟೇಶನ್ನಿಗೆ ಬಂದರು. ಕೈಯಲ್ಲೊಂದು ಸೂಟ್‌ಕೇಸಿತ್ತು, ತಲೆಯ ಮೇಲೆ ಕಿವಿ ಮುಚ್ಚುವ ಮಂಗ್ಯಾನ ಟೊಪ್ಪಿಗೆಯಿತ್ತು.

"ಕಾಕಾ, ಗಂಡಂದಿರಿಗೆ ರೈಲು ಇಲ್ಲ," ಎಂದೆ.

"ನಾ ಗಂಡನಾಗಿ ಬರಾಕತ್ತಿಲ್ಲ, ತಂಗಿ. ಆ ಕೆರಿ ನನ್ನ ಹೆಸರಿಂದು. ಆಸ್ತಿ ನೋಡಾಕ ಹೊಂಟೇನಿ."

ಹೆಣ್ಮಕ್ಕಳು ಮತ ಹಾಕಿದರು. ಚೀಲ ಹೊರುವ ಶರತ್ತಿನ ಮೇಲೆ ಕಾಕಾ ಪಾಸಾದರು. ರೈಲಿನಲ್ಲಿ ಕಾಕು ಗಂಡನಿಗೆ ಇಂಗ್ಲಿಷು ಕಲಿಸಿದರು, ಚೆಕ್‌ಪೋಸ್ಟಿನಲ್ಲಿ ಅದೇ ಪೊಲೀಸಿನವನಿಗೆ ಗಂಡನನ್ನು ತೋರಿಸಿ ಆಕಾಶಕ್ಕೆ ಬೆರಳು ಮಾಡಿದರು. ಅವನು ಕಾಕಾನ ಕೈ ಹಿಡಿದು ಕುಲುಕಿ, "ಆಪ್ ಹೀ ಹೈಂ?" ಎಂದ, 'ಅವರು' ನೀವೇನಾ ಎಂದು. ಕಾಕಾ ಜಹಗೀರದಾರರ ಹಾಗೆ ತಲೆಯಾಡಿಸಿದರು.

ದಿಣ್ಣೆ ಏರುವಾಗ ಜಹಗೀರು ಇಳಿಯಿತು. ಕೆರೆಯ ದಂಡೆ ಮುಟ್ಟುವಷ್ಟರಲ್ಲಿ ಕಾಕಾನಿಗೆ ಉಸಿರೂ ಇರಲಿಲ್ಲ, ಮಾತೂ ಇರಲಿಲ್ಲ. ಕಾಕು ಅವರನ್ನು ಹೋದ ವರ್ಷ ತಾವು ಕೂತಿದ್ದ ಕಲ್ಲಿನ ಮೇಲೆಯೇ ಕೂಡಿಸಿ, ಮೂಗಿನ ಹತ್ತಿರ ಲಿಂಬೆಹಣ್ಣು ಹಿಡಿಸಿ, "ಇಲ್ಲೇ ಕುಂದರ್ರಿ" ಎಂದು ನಮ್ಮ ಜೊತೆ ದಂಡೆಗುಂಟ ನಡೆಯತೊಡಗಿದರು. ಎಲ್ಲರಿಗಿಂತ ಮುಂದೆ ಅವರೇ.

ಸ್ವಲ್ಪ ದೂರ ಹೋಗಿದ್ದೆವು. ಮಧ್ಯಾಹ್ನ ಇಳಿಯುತ್ತಿತ್ತು. ಗುಡ್ಡದ ಅಂಚಿನಲ್ಲಿ, ಬೆಳ್ಳನೆ ಹಗಲಿನಲ್ಲೇ, ಅರ್ಧ ಚಂದ್ರ ಮೇಲೆದ್ದಿದ್ದ. ಬಾಗಿದ ಕೆರೆಯ ಮೇಲೆ ಬಾಗಿದ ಚಂದ್ರ. ಅದು ಮೊದಲು ಕಂಡದ್ದು ಕಲ್ಲಿನ ಮೇಲೆ ಕೂತ ಕಾಕಾನಿಗೆ. ಅದನ್ನು ಹೆಂಡತಿಗೆ ತೋರಿಸಬೇಕು ಎಂದು ಅವರಿಗೆ ಅನ್ನಿಸಿತು. ಎದ್ದು ನಿಂತು ಕೂಗಿದರು:

"ಏ!"

ನಾವೆಲ್ಲ ತಿರುಗಿ ನೋಡಿದೆವು. ಯಂಕಂಚಿ, ತಂಗಡಗಿ, ಬಾಗೇವಾಡಿ, ಸಿಂದಗಿ, ನಾಲ್ಕು ತಾಲೂಕಿನ ಹೆಣ್ಮಕ್ಕಳೂ ಒಂದೇ ಸಲ. ಮನೆಯಲ್ಲಿ ಎಲ್ಲರ ಹೆಸರೂ ಅದೇ.

ಕಾಕಾ ಗಲಿಬಿಲಿಯಾದರು. "ನೀವಲ್ಲ, ನೀವಲ್ಲ! ಏ, ಇಕಿನ!" ನಮ್ಮ ಕಡೆಯ ಹಳೆಯ ಗಂಡಸರೂ ಹೆಂಡತಿಯನ್ನು ಹೆಸರಿಟ್ಟು ಕರೆಯುವುದಿಲ್ಲ; 'ಏ', ಇಲ್ಲವೆ 'ಇಕಿನ', ಅಂದರೆ 'ಈಕೆಯೇ', ಅಷ್ಟೇ.

"ಏನ್ರೀ?" ಎಂದಳು ಲಿಂಬೆಯಾಕೆ. "ಏನ್ರೀ?" ಎಂದರು ಅಕ್ಕೋರು, ಅಭ್ಯಾಸಬಲದಿಂದ. ಕಾಕು ಒಬ್ಬರೇ ಬೆನ್ನು ತಿರುಗಿಸದೆ ಮುಂದೆ ನಡೆದಿದ್ದರು.

"ಕೇಳಾಕತ್ತೈತೇನ ಇಲ್ಲಿ!"

"ಎಲ್ಲಾರಿಗೂ ಕೇಳಾಕತ್ತೈತಿ ಕಾಕಾ," ಅಕ್ಕೋರು ಕೂಗಿ ಹೇಳಿದರು. "ಯಾರಂತ ಹೇಳ್ರಿ!"

ಕಾಕಾ ಆಕಾಶ ನೋಡಿದರು. ಅಲ್ಲಿ ಅವರ ಹೆಸರಿತ್ತೇ ಹೊರತು ಹೆಂಡತಿಯದಿರಲಿಲ್ಲ. ಬೆರಳು ಮಾಡಿ ತೋರಿಸಲು ಏನೂ ಸಿಗಲಿಲ್ಲ. ಮಂಗ್ಯಾನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಇದ್ದಷ್ಟು ಉಸಿರನ್ನೆಲ್ಲ ಒಟ್ಟುಗೂಡಿಸಿ, ಬಜಾರಿನಲ್ಲಿ ಅರಿವೆಯ ದರ ಕೂಗುವ ಗಂಟಲಿನಲ್ಲಿ, ಹೆಂಡತಿಯ ಹೆಸರು ಹಿಡಿದು ಕೂಗಿದರು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಹೇಳಲು ಆ ಮನುಷ್ಯ ಅಷ್ಟು ಎತ್ತರ ಏರಬೇಕಾಯಿತು. ನಾನು ಕುರ್ಚಿಯ ಮೇಲೆ ಕೂತು ಬಿಟ್ಟಿ ಹೇಳಿಬಿಡುವುದು ನ್ಯಾಯವಲ್ಲ.

ಗುಡ್ಡ ಅದನ್ನು ಎತ್ತಿಕೊಂಡು ಕೆರೆಯ ಸುತ್ತ ತಿರುಗಿಸಿ ತಂದಿತು. ಕಾಕು ನಿಲ್ಲಲಿಲ್ಲ.

ಕಾಕಾ ಮತ್ತೊಮ್ಮೆ ಕೂಗಿದರು. ಕಾಕು ಬಗ್ಗಿ ಒಂದು ಬೆಣಚುಕಲ್ಲು ಆರಿಸಿಕೊಂಡರು, ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

ಮೂರನೆಯ ಸಲಕ್ಕೆ ಕಾಕಾನ ದನಿ ನಡುಗಿತು. ನಾನು ಹೆದರಿ ಓಡಿಹೋಗಿ ಕಾಕುವಿನ ಭುಜ ಹಿಡಿದೆ. "ಕಾಕು, ಅಷ್ಟೊತ್ತಿನಿಂದ ಒದರಾಕತ್ತಾರ! ಕೇಳಿಸಲಿಲ್ಲೇನು?"

ಕಾಕು ಮುಖವನ್ನೆಲ್ಲ ಬೆಳಕು ಮಾಡಿಕೊಂಡು, ಬೆರಳು ತುಟಿಗಿಟ್ಟು, ಪಿಸುಗುಟ್ಟಿದರು:

"ಸುಮ್ಮನಿರವ್ವಾ. ಮೊದಲನೇ ಸಲನ ಕೇಳಿಸೇತಿ. ಮದುವ್ಯಾದಾಗಿಂದ ಕಾದೇನಿ, ಇನ್ನೆರಡು ಸಲ ಒದರ್ಲಿ."